ಅಟ್ಟದ ಕೆಳಗೆ ನಾಲ್ಕು ತಂತಿ

ಅರಸೀಕೆರೆಯಲ್ಲಿ ನನಗೆ ಸಿಕ್ಕ ಬಾಡಿಗೆ ಕೋಣೆಯಲ್ಲಿ ತಲೆಯ ಮೇಲೆಯೇ ಒಂದು ರಾಶಿ ತೆಂಗಿನಕಾಯಿ ಇತ್ತು. ಮಂಗಳೂರಿನಲ್ಲಿ ನಾವು ಕಾಯಿ ಬಿದ್ದ ವಾರದಲ್ಲೇ ಅರೆದು ಸಾರಿಗೆ ಹಾಕುವವರು. ಇಲ್ಲಿಯವರು ಅಟ್ಟಕ್ಕೇರಿಸಿ, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗುವವರೆಗೆ ಹೆಚ್ಚುಕಡಿಮೆ ವರ್ಷವಿಡೀ ಮುಟ್ಟುವುದಿಲ್ಲ. ಮನೆಯ ಒಡತಿ ಗೌರಮ್ಮ ನಾನು ಬಂದ ದಿನವೇ ಎಚ್ಚರಿಸಿದರು: "ಮೇಷ್ಟ್ರೇ, ಅಟ್ಟಕ್ಕೆ ಮಾತ್ರ ಹತ್ತಬೇಡಿ ಕಣ್ರೀ." ಹೇಳುವಾಗ ಅವರ ಕಣ್ಣು ನನ್ನ ಉದ್ದನೆಯ ಕಪ್ಪು ಚೀಲದ ಮೇಲಿತ್ತು.

ಚೀಲದಲ್ಲಿದ್ದದ್ದು ತಗ್ಗು ಸ್ವರದ, ನಾಲ್ಕು ತಂತಿಯ ಬೇಸ್ ಗಿಟಾರ್. ಊರಿನ ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆಗೆ ನುಡಿಸುತ್ತಿದ್ದವನು ಇಲ್ಲಿ ಶಾಲೆಯ ಕೆಲಸದ ಜೊತೆಗೆ ಒಂದು ಆರ್ಕೆಸ್ಟ್ರಾ ಸೇರಿದ್ದೆ. ಕೋಣೆಯಲ್ಲಿ ಸ್ಪೀಕರ್ ಇರಲಿಲ್ಲ. ಗಿಟಾರಿನ ತುದಿಯನ್ನು ಮರಕ್ಕೆ ಆನಿಸಿ ಮೀಟಿದರೆ ಮರವೇ ಗುಂಯ್‌ಗುಡುತ್ತದೆ. ಊರಿನಲ್ಲಿ ಬೀರುವಿಗೆ ಆನಿಸುತ್ತಿದ್ದೆ, ಇಲ್ಲಿ ಅಟ್ಟವನ್ನು ಹೊತ್ತ ಕಂಬಕ್ಕೆ.

ಬೇಸಗೆಯಲ್ಲಿ ಆ ನಾದದೊಳಗೆ ಒಂದು ಗರಗರ ಸೇರಿಕೊಂಡಿತು. ತಂತಿ ತೆಳುವಾದರೆ ಹೆಚ್ಚು ಓಲಾಡಿ ಕೆಳಗಿನ ಪಟ್ಟಿಗೆ ಬಡಿಯುತ್ತದೆ. ಬೆಂಗಳೂರಿನ ಅಂಗಡಿಯವನು ನಡುದಪ್ಪದ್ದು ಎಂದು ಹೇಳಿ ತೆಳು ತಂತಿ ದಾಟಿಸಿದ್ದಾನೆ ಎಂದುಕೊಂಡೆ. ದಪ್ಪದ್ದು ತರಿಸಿದೆ. ಬೆರಳಿಗೆ ಬೊಬ್ಬೆ ಬಂತು, ಗರಗರ ಹೋಗಲಿಲ್ಲ. ಇನ್ನೂ ದಪ್ಪದ್ದು ಹಾಕಿದೆ, ಜೋರಾಯಿತು! ಬೇಲೂರಿನ ಕಾರ್ಯಕ್ರಮದಲ್ಲಿ, ವೇದಿಕೆಯಲ್ಲೇ ಶ್ರುತಿ ಬಿಗಿದು ನುಡಿಸಿದಾಗ ಮಾತ್ರ ಅದರ ಸುಳಿವೇ ಇಲ್ಲ. ಹಾಗಾದರೆ ನಾನಿಲ್ಲದಾಗ ಕೋಣೆಯಲ್ಲಿ ಯಾರೋ ಗಿಟಾರಿನ ಬಿರಡೆ ತಿರುಚುತ್ತಿದ್ದಾರೆ. ಗುಮಾನಿ ನೇರ ಗೌರಮ್ಮನ ಮೇಲೆ ಹೋಯಿತು. ಬಾಗಿಲಿಗೆ ಇನ್ನೊಂದು ಬೀಗ ಜಡಿದೆ.

ಆ ಬೀಗವೇ ಕೆಲಸ ಕೆಡಿಸಿತು. ಒಂದು ಸಂಜೆ ಗೌರಮ್ಮ ಬಾಗಿಲು ಬಡಿದರು.

"ಅಟ್ಟದಲ್ಲಿ ಕಾಯಿ ಅಲ್ಲಾಡೋ ಸದ್ದು ದಿನಾ ಕೇಳ್ತೈತೆ. ಈಗ ಬಾಗಿಲಿಗೆ ಎರಡು ಬೀಗ ಬೇರೆ. ಹತ್ತಿದ್ರಾ? ನಿಜ ಹೇಳಿ, ಇಲ್ಲಾಂದ್ರೆ ನಾಳೆನೇ ರೂಮು ಖಾಲಿ ಮಾಡಿ."

"ಏಣಿಯನ್ನೇ ಮುಟ್ಟಲಿಲ್ಲ ಮಾರಾಯ್ರೆ! ಇಲ್ಲೇ ಕೂತು ನುಡಿಸುವುದು, ನೋಡಿ."

ಅವರೆದುರೇ ದಪ್ಪ ತಂತಿ ಮೀಟಿದೆ. ತಲೆಯ ಮೇಲೆ ಗರಗರ. ಗೌರಮ್ಮ ಕಂಬ ನೋಡಿದರು, ಅಟ್ಟ ನೋಡಿದರು, ಏಣಿ ಹತ್ತಿ ಒಂದು ಕಾಯಿ ತಂದು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಎಂದಿತು. ನೀರು ಬತ್ತಿ ಹಗುರಾದ ಕಾಯಿಗಳು ಕಂಬದ ನಡುಕಕ್ಕೆ ಬಿದಿರಿನ ದಬ್ಬೆಗಳ ಮೇಲೆ ಅದುರುತ್ತಿದ್ದವು.

"ಕೊಬ್ಬರಿ ಆಗೈತೆ!" ಎಂದು ನಕ್ಕರು. ನನಗೂ ನಗು ಬಂತು, ಜೊತೆಗೆ ನಾಚಿಕೆ. ಎರಡನೆಯ ಬೀಗ ತೆಗೆದೆ.

ಅಟ್ಟ ಖಾಲಿಯಾಯಿತು. ನಾನು ಹಳೆಯ ನಡುದಪ್ಪದ ತಂತಿಗೇ ಮರಳಿದೆ. ರಜೆಯಲ್ಲಿ ಊರಿಗೆ ಹೋಗಿ ಬೀರುವಿಗೆ ಆನಿಸಿ ನುಡಿಸಿದರೆ ನಾದ ಶುದ್ಧವಾಗಿತ್ತು, ಆದರೂ ಏನೋ ಕಡಿಮೆ ಅನಿಸಿತು. "ಇಲ್ಲಿಗೇ ಬರುವುದು ಯಾವಾಗ ಮಗಾ?" ಎಂದು ಅಮ್ಮ ಕೇಳಿದರು. ಹಿಂತಿರುಗಿದಾಗ ಗೌರಮ್ಮ ಹೊಸ ಕಾಯಿ ಅಟ್ಟಕ್ಕೇರಿಸುತ್ತಿದ್ದರು.

"ಇವು ಸದ್ದು ಮಾಡೋಕೆ ಇನ್ನೊಂದು ವರ್ಷ ಬೇಕು. ಅಲ್ಲಿಗಂಟ ಇರ್ತೀರಾ ಮೇಷ್ಟ್ರೇ?"

ಈಗ ದಿನವೂ ಸಂಜೆ ಗಿಟಾರನ್ನು ಕಂಬಕ್ಕೆ ಆನಿಸಿ ಒಮ್ಮೆ ಮೀಟಿ, ಗರಗರ ಶುರುವಾಯಿತೇ ಎಂದು ಮೇಲೆ ಕಿವಿಗೊಡುತ್ತೇನೆ.