ಆಚೆ ದಡದಲ್ಲಿ ಉಳಿದ ನನ್ನ ವಿಕೆಟ್ಟುಗಳು

ನದಿ ದಾಟಿ ಬಂದ ಮೊದಲ ಭಾನುವಾರ, ಹೊಸಪೇಟೆ ಕಡೆಯ ಕ್ಯಾಂಪಿನ ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಸೊನ್ನೆ ಬರೆದಿದ್ದರು. ಹಿಂದಿನ ಭಾನುವಾರದವರೆಗೂ ಮುನಿರಾಬಾದಿನ ಬೌಲರುಗಳಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾನು. ನದಿ ಅದೇ, ಕಟ್ಟುತ್ತಿದ್ದ ಅಣೆಕಟ್ಟು ಅದೇ, ಚೆಂಡು ಹಾಕುವ ಕೈಯೂ ಅದೇ. ಆಚೆ ನಿಜಾಮರ ಸರ್ಕಾರ, ಈಚೆ ಮದ್ರಾಸಿನ ಸರ್ಕಾರ. ಅಷ್ಟಕ್ಕೇ ನಾನು ಹುಟ್ಟಿದಾಗಿನಿಂದ ಒಂದು ವಿಕೆಟ್ಟನ್ನೂ ಕಾಣದವನಾಗಿಬಿಟ್ಟಿದ್ದೆ. ಹಲಗೆ ಬರೆಯುವವನನ್ನು ಕೇಳಿದರೆ "ಅಕ್ಕಡಿದಿ ಅಕ್ಕಡೇ" ಎಂದು ನಕ್ಕ. ಅಲ್ಲಿಯದು ಅಲ್ಲಿಗೇ ಎಂದರ್ಥ. ನಾನು ಇಲ್ಲಿ ಕಲಿತ ಮೊದಲ ತೆಲುಗು ಮಾತು ಅದು.

ಯಲಬುರ್ಗಾ, ಕುಷ್ಟಗಿ ಕಡೆಯ ನಮ್ಮವರು, ಹೊಳೆ ದಾಟಿದ್ದನ್ನೂ ಈರಣ್ಣ ದೇಶಾಂತರ ಎನ್ನುತ್ತಾನಲ್ಲ ಎಂದು ನಗಬಹುದು. ನಗಲಿ. ಬಂದು ಒಂದು ತಿಂಗಳು ಇದ್ದು ನೋಡಲಿ. ಅಲ್ಲಿ ದಫ್ತರ, ಇಲ್ಲಿ ಆಫೀಸು. ಅಲ್ಲಿ ಅರ್ಜಿ ಉರ್ದುವಿನಲ್ಲಿ, ಇಲ್ಲಿ ಇಂಗ್ಲಿಷಿನಲ್ಲಿ. ನನಗೆ ಎರಡೂ ಬಾರದು. ಇಲ್ಲಿ ಎರಡು ಹೊತ್ತೂ ಅನ್ನ. ಉಂಡು ಒಂದು ತಾಸಿಗೆ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ. ನನ್ನ ಹೆಂಡತಿ ನೀಲವ್ವ ಮೊದಲ ವಾರವೆಲ್ಲ ಜೋಳದ ಹಿಟ್ಟಿಗಾಗಿ ಅಲೆದಳು. ಆಮೇಲೆ ಪಕ್ಕದ ಗುಡಿಸಲಿನ ತೆಲುಗು ಹೆಂಗಸು ಗೊಂಗೂರ ಎಂದು ಒಂದು ಬಟ್ಟಲು ತಂದುಕೊಟ್ಟಳು. ಬಾಯಿಗೆ ಹಾಕಿದರೆ ನಮ್ಮ ಪುಂಡಿ ಪಲ್ಯವೇ! ಅವತ್ತು ನೀಲವ್ವ ಅಷ್ಟೂ ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಆದರೆ ಗುಡಿಸಲು ಅಲ್ಲಿಯೂ ಬಿದಿರು ತಟ್ಟಿಯದೇ, ಇಲ್ಲಿಯೂ ತಟ್ಟಿಯದೇ. ಗಾಳಿ ಬಿಟ್ಟರೆ ಕಲ್ಲಿನ ಧೂಳೆಲ್ಲ ಒಳಗೆ. ನಮ್ಮ ಎರಡು ವರ್ಷದ ಮಗಳಿಗೆ ಕೆಮ್ಮು ಬಿಡುತ್ತಿರಲಿಲ್ಲ. ನಾನು ಅಷ್ಟು ಹಟದಿಂದ ಬೌಲ್ ಮಾಡುತ್ತಿದ್ದುದು ಈ ಕೆಮ್ಮಿಗಾಗಿಯೇ. ಮುನಿರಾಬಾದ್ ಕ್ಯಾಂಪಿನ ದೊಡ್ಡ ಎಂಜಿನಿಯರ್ ಸಾಹೇಬರಿಗೆ ಕ್ರಿಕೆಟ್ಟಿನ ಹುಚ್ಚು. ವರ್ಷದ ಆಟದಲ್ಲಿ ವಿಕೆಟ್ಟಿಗೆ ಅತಿ ಕಡಿಮೆ ರನ್ ಕೊಟ್ಟ ಬೌಲರನಿಗೆ ಕಲ್ಲಿನ ಗೋಡೆಯ ಒಂದು ಕ್ವಾರ್ಟರ್ಸ್ ಎಂದು ಅವರು ಸಾರಿದ್ದರು. ಐವತ್ತು ಓವರಾದರೂ ಹಾಕಿರಬೇಕು, ಅಷ್ಟೇ ಷರತ್ತು. ನಾನು ಅರ್ಧ ವರ್ಷದಲ್ಲೇ ಅದನ್ನು ದಾಟಿದ್ದೆ. ಎರಡನೆಯ ಸ್ಥಾನದಲ್ಲಿದ್ದವನು ಚನ್ನಬಸು, ದಫ್ತರದ ಕಾಗದಪತ್ರ ನೋಡುವ ಪೇಶಕಾರ ಶಿವಲಿಂಗಪ್ಪನ ಹೆಂಡತಿಯ ತಮ್ಮ.

ಮುಂದಿನದನ್ನು ನೀವೇ ಊಹಿಸಬಹುದು. ಹೊಸಪೇಟೆ ಕ್ಯಾಂಪಿನಲ್ಲಿ ಗೋದಾಮಿಗೆ ಆಳು ಬೇಕು, ಮುನಿರಾಬಾದಿಗೆ ಅಲ್ಲಿಂದ ಒಬ್ಬ ಫಿಟ್ಟರ್ ಬೇಕು ಎಂದು ಅದಲು ಬದಲಿನ ಕಾಗದ ಹೊರಟಿತು. ಆ ಫಿಟ್ಟರ್ ಒಳ್ಳೆಯ ಬ್ಯಾಟುಗಾರ ಎನ್ನುವುದು ಕಾಗದದಲ್ಲಿ ಇರಲಿಲ್ಲ. ಪೇಶಕಾರ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ತಲೆಯನ್ನೂ ಎತ್ತದೆ ಹೇಳಿದ:

"ನದಿ ದಾಟಿದಿ ಅಂದ್ರ ನಿನ್ನ ಹಾಜರಿನೂ ದಾಟತೈತಿ, ವಿಕೆಟ್ಟೂ ದಾಟತಾವು. ಇಲ್ಲಿ ನಿಂದು ಏನೂ ಉಳಿಯಂಗಿಲ್ಲ, ಹೋಗಿ ಬಾ."

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವನ ಮೇಲೆ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿದೆ. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ನನ್ನ ಆಟ ಹದಗೆಟ್ಟಿತು. ಅಲ್ಲಿ ಕರಿ ಮಣ್ಣಿನ ಮೇಲೆ ತಿರುಗುತ್ತಿದ್ದ ಚೆಂಡು ಇಲ್ಲಿಯ ನಾರಿನ ಚಾಪೆಯ ಮೇಲೆ ಸುಮ್ಮನೆ ಎದ್ದು ಬ್ಯಾಟಿಗೆ ಹೋಗುತ್ತಿತ್ತು. ಮದ್ರಾಸಿನ ಹುಡುಗರು ನನ್ನನ್ನು ಬಡಿದು ಹಾಕಿದರು. ಎರಡು ತಿಂಗಳ ನಂತರ ಹೊಸಪೇಟೆಯ ಸಂತೆಯಲ್ಲಿ ಮುನಿರಾಬಾದಿನ ಆಟದ ವಹಿ ಬರೆಯುವ ಮುನ್ಷಿ ಖಾದರ್ ಸಾಹೇಬರು ಸಿಕ್ಕಾಗ ಇದನ್ನೆಲ್ಲ ಹೇಳಿಕೊಂಡೆ. ಅವರು ಎಲೆ ಅಡಿಕೆ ಮಡಚುತ್ತ ನಕ್ಕರು.

"ಇಲ್ಲಿ ಎಷ್ಟು ಬಡಿಸಿಕೋತಿ ಬಡಿಸಿಕೋ. ನನ್ನ ವಹಿಗೆ ಅದು ಬರಂಗಿಲ್ಲ. ಪೇಶಕಾರ ಹಾಜರಿ ಪಟ್ಟಿಯೊಳಗಿಂದ ನಿನ್ನ ಹೆಸರು ಹೊಡದಾನ, ನನ್ನ ವಹಿಯೊಳಗಿಂದ ಹೊಡಿಯಾಕ ಅವ ಯಾರು? ನೀ ಹಾಕಿದ ಓವರು ಸಾಕಾಗ್ಯಾವು. ನಿನ್ನ ಸರಾಸರಿ ಎಲ್ಲಿತ್ತೋ ಅಲ್ಲೇ ನಿಂತೈತಿ. ಚನ್ನಬಸುಂದು ಮಾತ್ರ ಪ್ರತಿ ವಾರ ಏರಿಳಿತೈತಿ."

"ಪೇಶಕಾರಗ ಗೊತ್ತೈತೇನ್ರಿ ಇದು?"

"ಅವ ಕೇಳಿಲ್ಲ, ನಾ ಹೇಳಿಲ್ಲ."

ಸಂತೆಯ ನಡುವೆ ನಿಂತು ಗಹಗಹಿಸಿ ನಕ್ಕೆ. ಪೇಶಕಾರ ನನ್ನನ್ನು ಅಲ್ಲೇ ಇಟ್ಟುಕೊಂಡಿದ್ದರೆ ನಾನೂ ಒಂದೆರಡು ಆಟದಲ್ಲಿ ಸೋಲುತ್ತಿದ್ದೆ, ನನ್ನ ಲೆಕ್ಕವೂ ಕೆಡುತ್ತಿತ್ತು. ನನ್ನನ್ನು ಓಡಿಸಿ, ಅದು ಕೆಡದಂತೆ ಅವನೇ ಕಾಪಾಡಿದ್ದ.

ಮುನಿರಾಬಾದಿನ ಕೊನೆಯ ಆಟದ ದಿನ ಇಲ್ಲಿ ನಮಗೆ ಆಟ ಇರಲಿಲ್ಲ. ಪಾಸು ಬರೆಸಿಕೊಂಡು ಹೋದೆ. ಚನ್ನಬಸು ಆಗ ನನಗಿಂತ ಕೂದಲೆಳೆಯಷ್ಟು ಮುಂದಿದ್ದ. ಅವನು ಓಡಿ ಬರುವ ದಿಕ್ಕಿಗೆ ಎದುರಾಗಿ, ಗೆರೆಯ ಹೊರಗೆ ಕೈಕಟ್ಟಿ ನಿಂತೆ. ಅಲುಗಾಡಲಿಲ್ಲ. ಎರಡನೆಯ ಓವರಿನಲ್ಲಿ ಅವನು ನನ್ನನ್ನು ನೋಡಿದ. ಆಮೇಲೆ ಚೆಂಡು ಒಮ್ಮೆ ಬ್ಯಾಟುಗಾರನ ಕಾಲ ಬುಡಕ್ಕೆ, ಒಮ್ಮೆ ಎದೆಯ ಮಟ್ಟಕ್ಕೆ. ಪ್ರತಿ ಬೌಂಡರಿಗೂ ನನಗೆ ಹೋಳಿಗೆ ತಿಂದಷ್ಟು ಸುಖವಾಗುತ್ತಿತ್ತು. ಸಂಜೆ ಮುನ್ಷಿ ವಹಿ ತೆರೆದು ನನ್ನ ಹೆಸರು ಓದಿದಾಗ ಪೇಶಕಾರನ ಮುಖ ಕಪ್ಪಿಟ್ಟಿತು. "ಇಂವ ಹೊಳಿ ಆಚೆ ದಂಡಿಯಾಂವ!" ಎಂದು ಕೂಗಾಡಿದ. ದೊಡ್ಡ ಸಾಹೇಬರು ವಹಿ ನೋಡಿ, ಗೆದ್ದವನು ಎಲ್ಲಿದ್ದಾನೆಂದು ನಿಯಮದಲ್ಲಿ ಬರೆದಿಲ್ಲ ಎಂದುಬಿಟ್ಟರು. ಒಂದು ವರ್ಷದ ಮಟ್ಟಿಗೆ ಬೀಗದ ಕೈ ನನ್ನದಾಯಿತು.

ಆದರೆ ಬೇರೆ ಸರ್ಕಾರದ ಕೆಲಸದವನು ಆ ಕ್ಯಾಂಪಿನಲ್ಲಿ ವಾಸ ಮಾಡುವಂತಿಲ್ಲ. ನಾನು ಬಿಟ್ಟುಕೊಟ್ಟರೆ ಎರಡನೆಯವನಿಗೆ. ವಾರದ ನಂತರ ಚನ್ನಬಸು ತಾನೇ ಕಾಗದ ಹಿಡಿದು ನಮ್ಮ ಗುಡಿಸಲಿಗೆ ಬಂದ.

"ಈರಣ್ಣ, ನನ್ನ ಹೇಣತಿ ಹಡದು ಹತ್ತು ದಿನ ಆತು. ತಟ್ಟಿಯೊಳಗ ಕೂಸಿನ್ನ ಇಟಗೊಂಡು ಕುಂತಾಳ. ನಮ್ಮ ಭಾವ ಮಾಡಿದ್ದು ನನಗ ಗೊತ್ತಿರಲಿಲ್ಲ, ನಿನ್ನ ಪಾದ ಮುಟ್ಟಿ ಹೇಳತೀನಿ. ಒಂದು ಸಹಿ ಹಾಕು."

ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೂ "ಯೋಚನೆ ಮಾಡತೀನಿ" ಎಂದು ಕಳಿಸಿಬಿಟ್ಟೆ. ಅವನು ಹೋದ ಮೇಲೆ ನೀಲವ್ವ ಕೇಳಿದಳು: "ಆ ಬಾಣಂತಿ ನಿಮಗೇನು ಮಾಡ್ಯಾಳ್ರಿ?" ನಾನು ಕಾಗದವನ್ನು ಮಡಚಿ ಬೀಗದ ಕೈಯ ಜೊತೆ ಪೆಟ್ಟಿಗೆಯಲ್ಲಿಟ್ಟೆ.

ಅದಾಗಿ ಎಂಟು ತಿಂಗಳಾಯಿತು. ಸಹಿ ಹಾಕಿಲ್ಲ. ಊರಿಂದ ಬಂದವರು ಮನೆ ಎಲ್ಲಿ ಎಂದು ಕೇಳಿದರೆ ನದಿಯ ಆಚೆಗೆ ಬೆರಳು ಮಾಡಿ, ಅಗೋ, ಕಲ್ಲಿನ ಗೋಡೆಯದು ಎನ್ನುತ್ತೇನೆ. ಅದರಲ್ಲಿ ಇನ್ನೂ ಯಾರೂ ಒಲೆ ಹೊತ್ತಿಸಿಲ್ಲ. ಈಚೆ ನನ್ನ ಮಗಳು ಕೆಮ್ಮುತ್ತಾಳೆ, ಆಚೆ ಚನ್ನಬಸುವಿನ ಮಗು ಕೆಮ್ಮುತ್ತದಂತೆ.