ಒಡಪಿನ ಕೆಳಗೆ ಗಂಡನ ಹೆಸರು

ಮಗಳ ಮಗಳು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ ಒಡಪು. ಮೊದಲ ಸಲ ಕೇಳಿದಾಗ ನಕ್ಕುಬಿಟ್ಟೆ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿರಲಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡುತ್ತಿದ್ದರು. ಆಗ ಎರಡು ಮೂರು ಸಾಲು ಪ್ರಾಸ ಕೂಡಿಸಿ, ನಡುವೆ ಹೆಸರು ತೂರಿಸಿ ಪಾರಾಗಬೇಕು. ಅದೇ ಒಡಪು. ಅದಕ್ಕೂ ಡಾಕ್ಟರ್ ಪದವಿ ಕೊಡುತ್ತಾರೆಂದರೆ ನಮ್ಮ ಓಣಿಯ ಮುದುಕಿಯರೆಲ್ಲ ಡಾಕ್ಟರೇ.

ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಎರಡು ದಿನ ಹಿಡಿಯುತ್ತದೆ.

ಈ ಬೇಸಿಗೆಯಲ್ಲಿ ಅವಳು ದಾಂಡೇಲಿಗೆ ನನ್ನ ಮನೆಗೆ ಬಂದು ಕುಳಿತಳು. ವಿಚಾರ ಸಂಕಿರಣದಲ್ಲಿ ಓದಲು ಪ್ರಬಂಧ ಮುಗಿಸಬೇಕಿತ್ತು, ಎಂಟು ದಿನ ಉಳಿದಿತ್ತು. ನಾನು ಒಲೆಯ ಮುಂದೆ, ಅವಳು ಲ್ಯಾಪ್‌ಟಾಪ್ ಹಿಡಿದು ಹೊಸ್ತಿಲ ಹತ್ತಿರ. ಕೊನೆಯ ಪುಟದ ಆಧಾರಪಟ್ಟಿ ಟೈಪ್ ಹೊಡೆಯುತ್ತಿದ್ದಳು. ಓದಿ ಹೇಳು ಎಂದೆ. ಗಡಿಬಿಡಿಯಲ್ಲಿ ಓದಿದ್ದು ಅರ್ಧ ಮಾತ್ರ ಕಿವಿಗೆ ಬಿತ್ತು: ಒಬ್ಬ ಗಂಡಸಿನ ಹೆಸರು, ಒಡಪಿನ ಮೊದಲ ಸಾಲು, ವೆಬ್‌ಸೈಟಿನ ಹೆಸರು, ಆಮೇಲೆ ರೈಲಿನಷ್ಟು ಉದ್ದದ ಇಂಗ್ಲಿಷ್ ಅಕ್ಷರ, ಕೊನೆಗೆ ತಾರೀಖು.

"ಇಷ್ಟುದ್ದ ಏನಿದು?" ಎಂದೆ.

"ಆ ಪುಟದ ವಿಳಾಸ, ಆಯಿ. ಯಾರರ ಖರೇನೋ ಸುಳ್ಳೋ ನೋಡಬೇಕಂದ್ರ ಅಲ್ಲಿ ಹೋಗಿ ನೋಡ್ತಾರ."

"ತಾರೀಖ ಯಾಕ?"

"ನೆಟ್ಟಿನ್ಯಾಗಿಂದು ಇವತ್ತ ಒಂದ ಥರ ಇರ್ತೈತಿ, ನಾಳೆ ಬದಲ ಮಾಡ್ತಾರ, ಇಲ್ಲಾ ತಗದ ಬಿಡ್ತಾರ. ನಾ ನೋಡಿದ ದಿನಾ ಹಿಂಗಿತ್ತು ಅಂತ ಬರೀಬೇಕು. ಬರೀಲಿಲ್ಲಂದ್ರ ನಮ್ಮ ಗೈಡ್ ಮೇಡಂ ಮಾರಿಗೆ ಒಗೀತಾರ."

ಪದ್ಧತಿ ನೆಟ್ಟಗಿದೆ ಎನ್ನಿಸಿತು. ಅವಳಿಗೆ ಹುರುಪು ಬಂತು. ಒಡಪನ್ನು ಹೆಂಗಸರೇ ಕಟ್ಟಿದ್ದು ಎಂದು ಎಲ್ಲರೂ ಬರೆದಿದ್ದಾರೆ, ನಾನು ಮಾತ್ರ ಒಬ್ಬ ಗಂಡಸು ಕಟ್ಟಿದ್ದನ್ನು ಹುಡುಕಿದ್ದೇನೆ, ಪ್ರಬಂಧವೆಲ್ಲ ಅದರ ಮೇಲೆಯೇ ನಿಂತಿದೆ, ಮೇಡಂ ಬೆನ್ನು ತಟ್ಟಿದರು ಎಂದಳು. ಆ ಒಡಪು ಓದಿದಳು:

ಹೊಳೀ ದಂಡ್ಯಾಗ ಬಿದರಿನ ಮೆಳಿ,
ಭೋಂಗಾ ಊದಿದ್ರ ಬದಲಾತು ಪಾಳಿ,
ಇಂಥವರ ಹೆಸರ ಹೇಳ್ತೇನಿ, ಕುಂತು ಕೇಳಿ.

ಭೋಂಗಾ ಎಂದರೆ ಗಿರಣಿಯ ಸೈರನ್. 'ಇಂಥವರ' ಎಂದು ನಾನು ಬರೆದ ಕಡೆ ಒಂದು ಹೆಸರಿತ್ತು. ಕೆಳಗೆ 'ರಚನೆ' ಎಂದು ಹಾಕಿ ಮತ್ತೆ ಅದೇ ಹೆಸರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಕಾಗದದ ಗಿರಣಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಹಾಳೆ ಆರಿಸುತ್ತಿದ್ದ ಗೆಳತಿಯ ಗಂಡನ ಹೆಸರು ಅದು. ಒಡಪೂ ಅವಳ ಬಾಯಲ್ಲಿ ಕೇಳಿದ್ದೇ. ತಂಬಾಕು ಹಾಕಲು ಬಿಟ್ಟರೆ ಬಾಯಿ ತೆರೆಯದ ಮನುಷ್ಯ.

"ಲೇ, ಅಂವಾ ಕವಿ ಅಲ್ಲ," ಎಂದೆ. "ಅಂವಾ ಗಂಡ."

"ಹಂಗಂದ್ರ?"

"ಒಡಪ ಹೇಳಿದಾಕಿ ಅವನ ಹೇಣ್ತಿ. ಗಂಡನ ಹೆಸರ ತಗೊಂಡಾಳ. ಬರಕೊಂಡ ಶಾಣ್ಯಾ ಅದನ್ನ ಕೆಳಗ ಹಚ್ಯಾನ. ಇದ ಒಡಪ ನಾ ಹೇಳಿದ್ರ ನಿಮ್ಮಜ್ಜ ಕವಿ ಆಗತಿದ್ದ."

ಹುಡುಗಿಯ ಮುಖ ಇಳಿಯಿತು. "ನಾ ಅದನ್ನ ಅಂಕಿತ ಅಂದ್ಕೊಂಡೆ, ಆಯಿ. ವಚನದ ಕಡೀಗೆ, ಕೀರ್ತನಿ ಕಡೀಗೆ ಇರ್ತೈತಲ್ಲ, ಹಂಗ."

ಅವಳದೂ ತಪ್ಪಿಲ್ಲ. ಅವಳ ಅಕ್ಕ ಗಂಡನನ್ನು ಹೆಸರು ಹಿಡಿದೇ ಕೂಗುತ್ತಾಳೆ. ಈಗಿನವರಿಗೆ ಹೇಳಬಾರದ ಹೆಸರು ಎಂಬುದೇ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ವಾದಕ್ಕೆ ಬಿದ್ದಳು. "ನಾ ಏನ ಸುಳ್ಳ ಬರದಿಲ್ಲಲ್ಲ? ಪುಟದಾಗ ಹಂಗ ಐತಿ. ವಿಳಾಸ ಐತಿ, ತಾರೀಖ ಐತಿ. ಯಾರೂ ಏನೂ ಅನ್ನಂಗಿಲ್ಲ."

ಗಿರಣಿಯಲ್ಲಿ ನಮ್ಮ ಕೆಲಸ ಹರಿದ ಹಾಳೆ, ಕಲೆ ಬಿದ್ದ ಹಾಳೆ ಬೇರೆ ಮಾಡಿ, ಒಳ್ಳೆಯದನ್ನು ಕಟ್ಟು ಮಾಡುವುದು. ಕಟ್ಟಿನೊಳಗೆ ನಮ್ಮ ನಮ್ಮ ನಂಬರಿನ ಚೀಟಿ ಇಡಬೇಕು. ಒಂದು ದಿನ ಪಾಳಿ ಮುಗಿಯುವ ಗಡಿಬಿಡಿಯಲ್ಲಿ ಯಾರೋ "ನಾ ನೋಡೇನಿ, ಕಟ್ಟು" ಎಂದು ಕೊಟ್ಟ ಹಾಳೆಗಳಿಗೆ ನನ್ನ ಚೀಟಿ ಇಟ್ಟೆ. ಕಟ್ಟು ತಿರುಗಿ ಬಂತು. ಒಳಗೆಲ್ಲ ಹಸಿ ಹಿಡಿದ ಹಾಳೆ. ಸುಪರ್ವೈಜರ್ ಚೀಟಿ ಹಿಡಿದು, ನಂಬರ್ ನಿಂದೇ ಏನು ಎಂದ. ನನ್ನದೇ ಎಂದೆ. ಹಾಳೆ ನೋಡಿದ್ದೆ ಏನು ಎಂದ. ಇಲ್ಲ ಎಂದೆ. ಬೈಯಲಿಲ್ಲ, ಎಲ್ಲರೂ ನೋಡುವಂತೆ ಕಟ್ಟು ಬಿಚ್ಚಿಸಿ ಒಂದೊಂದೇ ಹಾಳೆ ಆರಿಸಲು ಹಚ್ಚಿದ. ಇದನ್ನು ಅವಳಿಗೆ ಹೇಳಿದೆ. ಮರುದಿನ ತಾನೇ "ಆ ಮುದುಕಿ ಎಲ್ಲಿ ಇರ್ತಾಳ? ಹೋಗೂಣು ನಡಿ" ಎಂದಳು.

ಗೆಳತಿ ಕೆಲಸ ಬಿಟ್ಟ ಮೇಲೆ ತನ್ನ ಊರಿಗೆ, ಮುಂಡಗೋಡದ ಹತ್ತಿರ ಪಾಳಾಕ್ಕೆ ಹೋಗಿಬಿಟ್ಟಿದ್ದಳು. ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮುಂಡಗೋಡದಲ್ಲಿ ಮತ್ತೊಂದು ಹತ್ತಿ, ಮಧ್ಯಾಹ್ನಕ್ಕೆ ಮುಟ್ಟಿದೆವು. ಗಂಡ ಕಟ್ಟೆಯ ಮೇಲೆ ಕುಳಿತಿದ್ದ, ಬಾಯಿ ತುಂಬ ತಂಬಾಕು. ಸಂಗತಿ ಕೇಳಿ ಗೆಳತಿ ಬಿದ್ದು ಬಿದ್ದು ನಕ್ಕಳು.

"ಕೇಳಿದ್ರ್ಯಾ? ನೀವು ಕವಿಗೋಳಂತ! ಫೋನಿನ್ಯಾಗ ಬಂದೈತಂತ!"

ಅವನು ಉಗುಳಿ ಬಂದು, "ನಾ ಏನ ಮಾಡೇನ್ಲೇ?" ಎಂದ.

"ಏನೂ ಮಾಡಿಲ್ಲ. ಅದಕ್ಕ ಹೆಸರ ಬಂದೈತಿ," ಎಂದಳು.

ಗೆಳತಿಯ ಮೊಮ್ಮಗಳ ಮದುವೆಯಲ್ಲಿ ಬೀಗರ ಕಡೆಯ ಒಬ್ಬ ಮಾಸ್ತರ ಒಡಪುಗಳನ್ನು ಬರೆದುಕೊಂಡು ಹೋಗಿದ್ದನಂತೆ. ನನ್ನ ಹುಡುಗಿ ವಹಿ ತೆಗೆದು, "ಹಂಗಾರ ಇದನ್ನ ಕಟ್ಟಿದವರು ನೀವೇನ್ರಿ, ಅಜ್ಜಿ?" ಎಂದಳು.

"ನಾ ಎಲ್ಲಿ ಕಟ್ಟಲೇ, ಯವ್ವಾ? ನಮ್ಮತ್ತಿ ಹೇಳ್ತಿದ್ಲು. ಆಕಿದ್ರಾಗ ಭೋಂಗಾ ಇರಲಿಲ್ಲ, ಗುಡಿ ಗಂಟಿ ಇತ್ತು. ಗಿರಣಿಗೆ ಬಂದ ಮ್ಯಾಲೆ ನಾ ಗಂಟಿ ತಗದು ಭೋಂಗಾ ಹಾಕಿದೆ. ನಮ್ಮತ್ತಿಗೆ ಯಾರ ಹೇಳಿದ್ರೋ, ಆ ಶಿವಗ ಗೊತ್ತು."

ಹುಡುಗಿ ಅಷ್ಟನ್ನೂ ಬರೆದುಕೊಂಡಳು. ಆದರೆ ಬೇಕಾದದ್ದು ಸಿಗಲಿಲ್ಲ, ಇದ್ದದ್ದೂ ಹೋಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು. "ಆಯಿ, ಅಜ್ಜ ಒಂದರ ಒಡಪ ಕಟ್ಟಿದ್ದ ಅಂತ ನೀ ಹೇಳು. ನಿನ್ನ ಹೆಸರ ಆಧಾರಕ್ಕ ಹಾಕ್ತೇನಿ. ನನ್ನ ಪ್ರಬಂಧ ಉಳೀತೈತಿ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸತ್ತವನು ಬಂದು ಅಲ್ಲವೆನ್ನುತ್ತಿರಲಿಲ್ಲ. ಅವಳ ಮುಖ ನೋಡಿ ಒಂದು ಗಳಿಗೆ ಬಾಯಿಗೂ ಬಂದಿತ್ತು.

"ನಿಮ್ಮಜ್ಜ ಕಟ್ಟಿದ್ದು ಒಂದ ಕೋಳಿ ಗೂಡು," ಎಂದೆ. "ಅದೂ ಬಿದ್ದ ಹೋತು."

ಅವಳು ಕಿಟಕಿಯ ಕಡೆ ತಿರುಗಿದಳು. ಮನೆಗೆ ಬಂದು ಮೇಡಂಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಸಂಕಿರಣದ ಪಟ್ಟಿಯಿಂದ ಪ್ರಬಂಧ ಹೊರಗೆ ಬಿತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಊಟ ಮಾತ್ರ ಬಿಡಲಿಲ್ಲ. ನಾನೂ ಸಮಾಧಾನ ಮಾಡಲು ಹೋಗಲಿಲ್ಲ. ನನಗೆ ಆ ಕೆಲಸ ಬರುವುದಿಲ್ಲ.

ಮೂರನೇ ದಿನ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟು, ನೆಟ್ಟಿನಿಂದ ತೆಗೆದುಕೊಂಡ ಒಡಪುಗಳನ್ನೆಲ್ಲ ಒಂದೊಂದಾಗಿ ಓದಿದಳು. ಇನ್ನೂ ನಾಲ್ಕರ ಕೆಳಗೆ ಗಂಡಸರ ಹೆಸರಿತ್ತು, ಆ ಒಂದರ ಹುರುಪಿನಲ್ಲಿ ಅವಳು ಲಕ್ಷ್ಯ ಕೊಟ್ಟಿರಲಿಲ್ಲ. ಮೂರು ನಾನು ಕೇಳಿದವೇ. ನಮ್ಮ ಹೆಂಗಸರು ಬೇರೆ ಬೇರೆ ಗಂಡಂದಿರ ಹೆಸರು ಹಾಕಿ ಹೇಳುತ್ತಿದ್ದವು. ಆ ಮೂರರ ಕೆಳಗಿನ ಹೆಸರು ಹೊಡೆದುಹಾಕಿದಳು. ನಾಲ್ಕನೆಯದನ್ನು ನಾನು ಎಲ್ಲೂ ಕೇಳಿರಲಿಲ್ಲ.

"ಇದು ಗಂಡಸ ಕಟ್ಟಿದ್ದೇನು?" ಎಂದಳು.

"ನನಗ ಗೊತ್ತಿಲ್ಲ," ಎಂದೆ.

ಪುಟದ ವಿಳಾಸ ಹಾಕಿ, ನೋಡಿದ ತಾರೀಖು ಹಾಕಿ, ಮುಂದೆ 'ಕಟ್ಟಿದವರು ಯಾರೆಂದು ತಿಳಿದಿಲ್ಲ' ಎಂದು ಬರೆದಳು.