ಅಕ್ಕನ ಒಂಬತ್ತು ಸಾವಿರ ಹೆಜ್ಜೆ

ಸ್ನೇಹಿತರೇ, ಇವತ್ತು ಅಕ್ಕನಿಗೆ ನಿಜ ಹೇಳಿ ತಪ್ಪು ಮಾಡಿದೆ.

ಸಕ್ಕರೆ ಕಾಯಿಲೆಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂದು ಎನ್.ಆರ್.ಪುರದ ಡಾಕ್ಟರು ಹೇಳಿದ್ದರು. ಹೆಜ್ಜೆ ಎಣಿಸುವ ವಾಚನ್ನು ನಾನೇ ಅವಳ ಕೈಗೆ ಕಟ್ಟಿದ್ದೆ. ಮಧ್ಯಾಹ್ನ ಅವಳ ಊರು ಕಡಹಿನಬೈಲಿಗೆ ಹೋದರೆ, ಊದಿದ ಕಾಲು ಮಡಚಿಕೊಂಡು ಬೆಳಗಿನಿಂದ ಯಾರದೋ ಅಂಗಳದಲ್ಲಿ ಕೂಲಿಗೆ ಅಡಿಕೆ ಸುಲಿಯುತ್ತ ಕೂತಿದ್ದಾಳೆ.

“ನೋಡು ಮಾರಾಯ, ಆಗ್ಲೇ ಒಂಬತ್ತು ಸಾವಿರ ಆಯ್ತು,” ಎಂದು ನಕ್ಕಳು.

“ಅಕ್ಕ, ಅದು ನೀನು ಕೈ ಆಡಿಸಿದ್ದನ್ನೇ ಎಣಿಸಿದೆ. ಎದ್ದು ನಡೀಬೇಕು.”

“ನಾನು ನಡೀತಾ ಹೋದ್ರೆ ಇದನ್ನ ಸುಲಿಯೋರು ಯಾರು?” ವಾಚು ಬಿಚ್ಚಿ ನನ್ನ ಕೈಗಿಟ್ಟಳು. “ನೀನೇ ಕಟ್ಕ.”

ಕಟ್ಟಿಕೊಂಡು ಬಸ್ಸಿಗೆ ನಡೆದೆ. ದಾರಿಯಲ್ಲಿ ವಾಚು ಗುಂಯ್‌ಗುಟ್ಟಿ, ಇಂದಿನ ಗುರಿ ಮುಟ್ಟಿದ್ದಕ್ಕೆ ಅಭಿನಂದನೆ ಹೇಳಿತು. ಅಕ್ಕ ಇನ್ನೂ ಕೂತಲ್ಲೇ ಇದ್ದಾಳೆ.